ಹಳೇ ಕಾರು: ಓನರ್ ಯಾರು, ಓಡಿದ್ದೆಷ್ಟು, ಸಾಲ ತೀರಿದೆಯಾ?

ಈ ಸಲ ಬಂದ ಪತ್ರಗಳಲ್ಲಿ ಜಾಸ್ತಿ ಪಾಲು ಸೆಕೆಂಡ್ ಹ್ಯಾಂಡ್ ಕಾರಿನದೇ. ಅದರಲ್ಲೂ ಡೀಲರ್ ಹತ್ತಿರ ಹೋಗದೆ ನೇರ ಮಾಲೀಕರಿಂದ ಕೊಳ್ಳುವವರ ಪ್ರಶ್ನೆಗಳು. ಮಧ್ಯದವರ ಕಮಿಷನ್ ಉಳಿಯುತ್ತದೆ, ಬೆಲೆಯೂ ಸ್ವಲ್ಪ ಇಳಿಯುತ್ತದೆ, ನಿಜ. ಆದರೆ ವಾರಂಟಿ ಇರುವುದಿಲ್ಲ, ವಾಪಸ್ ಕೊಡೋಕೂ ಆಗಲ್ಲ. ಹಾಗಾಗಿ ನೋಡುವುದನ್ನೆಲ್ಲ ದುಡ್ಡು ಕೊಡುವ ಮೊದಲೇ ನೋಡಿ ಮುಗಿಸಬೇಕು.

ಪ್ರಶ್ನೆ: ಆನ್‌ಲೈನ್ ಜಾಹೀರಾತಿನಲ್ಲಿ 2018ರ ಪೆಟ್ರೋಲ್ ಸ್ವಿಫ್ಟ್ ಒಂದು ಸಿಕ್ಕಿದೆ, ಕೆಎ-13 ನಂಬರ್. ಸಿಂಗಲ್ ಓನರ್, 42 ಸಾವಿರ ಕಿ.ಮೀ. ಓಡಿದೆ ಅನ್ನುತ್ತಾರೆ. ನಮ್ಮ ಮೆಕ್ಯಾನಿಕ್ ಎಂಜಿನ್ ಚೆನ್ನಾಗಿದೆ ಅಂದ. ಇನ್ನೇನು ನೋಡಬೇಕು? (ಹಾಸನ)

ಮೆಕ್ಯಾನಿಕ್ ನೋಡಿದ್ದು ಕಾರಿನ ಇವತ್ತಿನ ಸ್ಥಿತಿ. ಅದರ ಹಿಂದಿನ ಕಥೆ ಅವನಿಗೂ ಗೊತ್ತಿರುವುದಿಲ್ಲ. ಅದು ಸಿಗುವುದು ಕಾಗದಗಳಲ್ಲಿ, ಅದೂ ಒಂದೊಂದನ್ನೇ ಬಿಡಿಯಾಗಿ ನೋಡಿದರೆ ಅಲ್ಲ. ಒಂದು ಕಾಗದದ ತಾರೀಕು, ನಂಬರು, ಹೆಸರು ಇನ್ನೊಂದಕ್ಕೆ ತಾಳೆಯಾಗುತ್ತದಾ ಅಂತ ನೋಡಬೇಕು. ಸುಳ್ಳು ಹೇಳುವವರು ಒಂದು ಕಡೆ ತಿದ್ದಿರುತ್ತಾರೆ, ಎಲ್ಲ ಕಡೆ ತಿದ್ದೋಕೆ ಆಗಿರಲ್ಲ.

ಮೊದಲು ಮೊಬೈಲ್‌ನಲ್ಲಿ ಎಂಪರಿವಾಹನ್ ಆ್ಯಪ್ ಅಥವಾ ವಾಹನ್ ವೆಬ್‌ಸೈಟ್ ತೆಗೆದು ಗಾಡಿ ನಂಬರ್ ಹಾಕಿ. ಮಾಲೀಕರ ಹೆಸರನ್ನು ಪೂರ್ತಿ ತೋರಿಸುವುದಿಲ್ಲ, ಮಧ್ಯೆ ಮಧ್ಯೆ ಅಕ್ಷರ ಮುಚ್ಚಿರುತ್ತದೆ. ಆದರೂ ಎದುರಿಗಿರುವ ಮನುಷ್ಯನ ಹೆಸರು ಹೌದಾ ಅಲ್ವಾ ಅಂತ ಅಂದಾಜಿಗೆ ಸಿಗುತ್ತದೆ. ರಿಜಿಸ್ಟ್ರೇಷನ್ ತಾರೀಕು, ಇಂಧನ, ಇನ್ಶೂರೆನ್ಸ್ ಎಲ್ಲಿಯವರೆಗೆ ಇದೆ, ಎಮಿಷನ್ ಸರ್ಟಿಫಿಕೇಟ್ ಎಲ್ಲಿಯವರೆಗೆ, ಸಾಲ ಇದೆಯಾ, ಗಾಡಿ ಬ್ಲ್ಯಾಕ್‌ಲಿಸ್ಟ್ ಆಗಿದೆಯಾ, ಇವೆಲ್ಲ ಅಲ್ಲೇ ಕಾಣುತ್ತದೆ. ಆಮೇಲೆ ಆರ್‌ಸಿ ಕಾರ್ಡನ್ನೇ ಕೈಗೆ ತಗೊಳ್ಳಿ. ಅದರಲ್ಲಿ ಓನರ್ ಸೀರಿಯಲ್ ಅಂತ ಒಂದು ಅಂಕಿ ಇರುತ್ತದೆ. ಸಿಂಗಲ್ ಓನರ್ ಅಂದವರ ಕಾರ್ಡಿನಲ್ಲಿ ಅಲ್ಲಿ 2 ಅಂತ ಇದ್ದರೆ ಮಾತು ಅಲ್ಲಿಗೇ ನಿಂತಿತು. ತಯಾರಾದ ತಿಂಗಳು, ವರ್ಷ ಕೂಡ ಕಾರ್ಡಿನಲ್ಲೇ ಇದೆ. 2018ರ ಕಾರು ಅಂತ ಹೇಳುತ್ತಿರುವುದು ರಿಜಿಸ್ಟ್ರೇಷನ್ ಲೆಕ್ಕದಲ್ಲಾ, ತಯಾರಾದ ಲೆಕ್ಕದಲ್ಲಾ? 2017ರಲ್ಲಿ ತಯಾರಾಗಿ 2018ರಲ್ಲಿ ರಿಜಿಸ್ಟರ್ ಆದ ಗಾಡಿಗಳು ಬೇಕಾದಷ್ಟಿವೆ. ಅದೇನೂ ಮೋಸ ಅಲ್ಲ, ಆದರೆ ಬೆಲೆ ಮಾತಾಡುವಾಗ ನಿಮಗೆ ಗೊತ್ತಿರಬೇಕು.

ಇನ್ನೂ ಖಾತ್ರಿ ಬೇಕಿದ್ದರೆ ಮಾಲೀಕರಿಂದಲೇ ಆರ್‌ಟಿಒದಲ್ಲಿ ಬಿ ಎಕ್ಸ್‌ಟ್ರ್ಯಾಕ್ಟ್ ತೆಗೆಸಿ, ಅಂದರೆ ಅವರ ರಿಜಿಸ್ಟರಿನಲ್ಲಿರುವ ಗಾಡಿಯ ವಿವರದ ಪ್ರತಿ. ಆರ್‌ಸಿ ಕಾರ್ಡನ್ನು ನಕಲು ಮಾಡಬಹುದು, ಕಚೇರಿಯ ದಾಖಲೆಯಿಂದ ಬಂದ ಎಕ್ಸ್‌ಟ್ರ್ಯಾಕ್ಟ್‌ನಲ್ಲಿ ಆ ಆಟ ನಡೆಯಲ್ಲ.

ಮುಂದೆ ಚಾಸಿ ನಂಬರ್. ಇದನ್ನು ತುಂಬ ಜನ ಬಿಟ್ಟೇಬಿಡುತ್ತಾರೆ, ಬಗ್ಗಿ ನೋಡೋಕೆ ಬೇಜಾರು. ಬಾಡಿಯ ಮೇಲೆ ಕೊರೆದಿರುವ 17 ಅಕ್ಷರ, ಅಂಕಿಗಳನ್ನು ಆರ್‌ಸಿ ಜೊತೆ ಒಂದೊಂದಾಗಿ ಓದಿ ಹೋಲಿಸಿ. ಮಾರುತಿ ಕಾರಾದರೆ ಶುರುವಿನಲ್ಲಿ ಎಂ, ಎ, 3 ಇರುತ್ತದೆ. ಈ ನಂಬರಿನಲ್ಲಿ ಐ, ಓ, ಕ್ಯೂ ಅಕ್ಷರಗಳು ಬರುವುದೇ ಇಲ್ಲ, ಒಂದು ಮತ್ತು ಸೊನ್ನೆ ಜೊತೆ ಗೊಂದಲ ಆಗುತ್ತದೆ ಅಂತ ಬಿಟ್ಟಿದ್ದಾರೆ. ಕೊರೆದ ಜಾಗದ ಸುತ್ತ ಉಜ್ಜಿದ ಗುರುತು, ಬೇರೆ ಬಣ್ಣ, ವೆಲ್ಡಿಂಗ್ ಗೆರೆ ಇದ್ದರೆ ಅಥವಾ ಅಕ್ಷರಗಳು ಏರುಪೇರಾಗಿದ್ದರೆ ಅಲ್ಲಿಂದ ಎದ್ದು ಬನ್ನಿ. ಅಪಘಾತದಲ್ಲಿ ಪೂರ್ತಿ ಹಾಳಾದ ಗಾಡಿಯ ನಂಬರನ್ನು ಕದ್ದ ಗಾಡಿಗೆ ಪಂಚ್ ಮಾಡುವ ದಂಧೆ ಹಳೆಯದು. ಕದ್ದ ಗಾಡಿ ಅಂತ ಆಮೇಲೆ ಗೊತ್ತಾದರೆ ಪೊಲೀಸರು ಎತ್ತಿಕೊಂಡು ಹೋಗುವುದು ನಿಮ್ಮ ಮನೆ ಮುಂದಿನಿಂದ, ನೀವು ದುಡ್ಡು ಕೊಟ್ಟಿದ್ದೀರಿ ಅನ್ನುವುದು ಅಲ್ಲಿ ಉಪಯೋಗಕ್ಕೆ ಬರಲ್ಲ. ಕಳವಾದ ವಾಹನಗಳ ಪಟ್ಟಿಯನ್ನು ರಾಷ್ಟ್ರೀಯ ಅಪರಾಧ ದಾಖಲೆಗಳ ಬ್ಯೂರೋ ಇಟ್ಟಿದೆ. ಡಿಜಿಟಲ್ ಪೊಲೀಸ್ ವೆಬ್‌ಸೈಟ್‌ನಲ್ಲಿ ಗಾಡಿಯ ನಂಬರ್, ಚಾಸಿ, ಎಂಜಿನ್ ನಂಬರ್ ಹಾಕಿ ನೋಡಬಹುದು.

ಈಗ 42 ಸಾವಿರ ಕಿ.ಮೀ. ವಿಷಯ. ಡಿಜಿಟಲ್ ಮೀಟರ್ ಹಿಂದಕ್ಕೆ ತಿರುಗಿಸೋಕಾಗಲ್ಲ ಅನ್ನುವವರು ಈಗಲೂ ಇದ್ದಾರೆ. ಲ್ಯಾಪ್‌ಟಾಪ್ ಇದ್ದರೆ ಅದು ಅರ್ಧ ಗಂಟೆಯ ಕೆಲಸ, ಹಳೇ ಮುಳ್ಳಿನ ಮೀಟರಿಗಿಂತ ಸುಲಭ. ಆದ್ದರಿಂದ ಮೀಟರನ್ನು ಬಿಟ್ಟು ಸರ್ವಿಸ್ ದಾಖಲೆ ಹಿಡಿಯಿರಿ. ಕಂಪನಿ ಸರ್ವಿಸ್ ಸೆಂಟರಿಗೆ ಮಾಲೀಕರನ್ನೂ ಕರೆದುಕೊಂಡು ಹೋಗಿ, ಯಾಕೆಂದರೆ ಬೇರೆಯವರು ಕೇಳಿದರೆ ಅವರು ಕೊಡುವುದಿಲ್ಲ. ಯಾವ ತಾರೀಕಿನಲ್ಲಿ ಬಂತು, ಆಗ ಎಷ್ಟು ಕಿ.ಮೀ. ಆಗಿತ್ತು, ಏನು ಕೆಲಸ ಆಯಿತು, ಎಲ್ಲ ಅವರ ಕಂಪ್ಯೂಟರಿನಲ್ಲಿದೆ. 2021ರಲ್ಲಿ 58 ಸಾವಿರ ಅಂತ ಬರೆದಿದ್ದರೆ ಮುಂದೆ ಮಾತಾಡುವುದೇ ಬೇಡ. 2021ರಲ್ಲಿ 38 ಸಾವಿರ ಅಂತ ಇದ್ದು, ಆಮೇಲೆ ಒಂದೂ ಎಂಟ್ರಿ ಇಲ್ಲದೆ, ಈಗ 42 ಸಾವಿರ ಅಂದರೆ? ಅದೂ ಅನುಮಾನವೇ. ಮೂರು ವರ್ಷಕ್ಕೆ 38 ಸಾವಿರ ಓಡಿಸಿದವರು ಆಮೇಲೆ ಅಷ್ಟೂ ವರ್ಷ ಕಾರನ್ನು ಶೆಡ್ಡಿನಲ್ಲಿ ನಿಲ್ಲಿಸಿಟ್ಟರಾ? ಹೊರಗಡೆ ಗ್ಯಾರೇಜಿನಲ್ಲಿ ಮಾಡಿಸಿದೆ ಅಂದರೆ ಬಿಲ್ ಕೇಳಿ. ಟೈರ್ ಅಂಗಡಿಯವರು ಅಲೈನ್‌ಮೆಂಟ್ ಬಿಲ್ಲಿನಲ್ಲಿ ಕಿ.ಮೀ. ಬರೆಯುವುದುಂಟು, ಅಂಥದ್ದೊಂದು ಹಳೇ ಚೀಟಿ ಡ್ಯಾಶ್‌ಬೋರ್ಡ್ ಖಾನೆಯಲ್ಲಿ ಸಿಕ್ಕರೆ ನಿಮ್ಮ ಅದೃಷ್ಟ.

ಮಾಲೀಕರು ಒಪ್ಪಿದರೆ ಅವರ ಮೊಬೈಲಿನಲ್ಲೇ ಫಾಸ್ಟ್ಯಾಗ್ ಸ್ಟೇಟ್‌ಮೆಂಟ್ ನೋಡಿ. ಭಾನುವಾರ ಮಾತ್ರ ದೇವಸ್ಥಾನಕ್ಕೆ ತೆಗೆಯುತ್ತಿದ್ದ ಕಾರು ಅಂತ ಹೇಳಿ, ವಾರಕ್ಕೆ ನಾಲ್ಕು ಸಲ ನೆಲಮಂಗಲ ಟೋಲ್ ದಾಟಿದ್ದರೆ ಅಲ್ಲೇ ಗೊತ್ತಾಗುತ್ತೆ ಅಲ್ವಾ.

ಟೈರಿನ ಪಕ್ಕದಲ್ಲಿ ನಾಲ್ಕು ಅಂಕಿ ಇರುತ್ತದೆ. 2318 ಅಂದರೆ 2018ರ 23ನೇ ವಾರ ತಯಾರಾದದ್ದು. ಸ್ಟೆಪ್ನಿ ಸೇರಿಸಿ ಐದನ್ನೂ ನೋಡಿ. ಇಷ್ಟು ವರ್ಷದ ಕಾರಿಗೆ ಟೈರ್ ಬದಲಾಗಿರುವುದು ಸಹಜ, ರಬ್ಬರ್ ಓಡದಿದ್ದರೂ ವಯಸ್ಸಾಗುತ್ತದೆ. ಆದರೆ 42 ಸಾವಿರಕ್ಕೆ ಎರಡನೇ ಸಲ ಟೈರ್ ಬದಲಾಗಿದ್ದರೆ ಕಾರಣ ಕೇಳಲೇಬೇಕು. ಕ್ಲಚ್, ಬ್ರೇಕ್ ಪೆಡಲ್‌ಗಳ ರಬ್ಬರ್ ಸವೆದು ನುಣ್ಣಗಾಗಿದೆಯಾ, ಡ್ರೈವರ್ ಸೀಟಿನ ಬಲಗಡೆಯ ಅಂಚು ಕುಸಿದಿದೆಯಾ, ಗೇರ್ ನಾಬ್ ಮೇಲಿನ ಅಂಕಿ ಅಳಿಸಿದೆಯಾ ಅಂತಲೂ ನೋಡಿ. ಸ್ಟೀರಿಂಗ್ ಕವರ್, ಸೀಟ್ ಕವರ್ ಹೊಸದಾಗಿದ್ದರೆ ಸರಿಸಿ ನೋಡುವುದಕ್ಕೆ ಸಂಕೋಚ ಬೇಡ.

ಅಪಘಾತ ಆಗಿತ್ತಾ ಅಂತ ತಿಳಿಯೋಕೆ ಎರಡು ದಾರಿ. ಒಂದು ಇನ್ಶೂರೆನ್ಸ್ ಪಾಲಿಸಿ. ಅದರಲ್ಲಿ ನೋ ಕ್ಲೇಮ್ ಬೋನಸ್ ಅಂತ ಶೇಕಡಾ ಬರೆದಿರುತ್ತದೆ. ಕ್ಲೇಮ್ ಇಲ್ಲದೆ ವರ್ಷ ಕಳೆದಂತೆ ಅದು 20, 25, 35, 45, ಕೊನೆಗೆ 50 ಆಗುತ್ತದೆ. 2018ರ ಕಾರಿಗೆ ಕ್ಲೇಮೇ ಆಗಿಲ್ಲ ಅನ್ನುವುದಾದರೆ ಈಗ 50 ಇರಬೇಕು. ಸೊನ್ನೆ ಇದ್ದರೆ ಹಿಂದಿನ ವರ್ಷ ಕ್ಲೇಮ್ ಆಗಿದೆ, ಇಲ್ಲವೇ ಪಾಲಿಸಿ ತಪ್ಪಿ 90 ದಿನ ದಾಟಿದೆ, ಇಲ್ಲವೇ ಬೋನಸ್ಸನ್ನು ಬೇರೆ ಕಾರಿಗೆ ಸಾಗಿಸಿದ್ದಾರೆ. ಯಾವುದು ಅಂತ ಕೇಳಿ, ಹಿಂದಿನ ಎರಡು ಮೂರು ವರ್ಷದ ಪಾಲಿಸಿಗಳನ್ನೂ ಕೇಳಿ. ಬರೀ ಥರ್ಡ್ ಪಾರ್ಟಿ ಪಾಲಿಸಿ ಇದ್ದರೆ ಈ ದಾರಿ ಇಲ್ಲ.

ಎರಡನೆಯದು ಗಾಡಿಯ ಮೈ. ಟಿಂಕರಿಂಗ್, ಪೇಂಟಿಂಗ್ ಚೆನ್ನಾಗಿ ಮಾಡಿಸಿದ್ದರೆ ಹೊರಗಿನಿಂದ ಗೊತ್ತಾಗಲ್ಲ. ಬಾನೆಟ್, ಬಾಗಿಲು, ಡಿಕ್ಕಿಗಳ ಬೋಲ್ಟ್ ತಲೆ ನೋಡಿ, ಸ್ಪ್ಯಾನರ್ ಹಾಕಿದ್ದರೆ ಬಣ್ಣ ಕಿತ್ತಿರುತ್ತದೆ. ಬಾಗಿಲಿನ ರಬ್ಬರ್ ಬೀಡಿಂಗ್ ಎಳೆದರೆ ಒಳಗೆ ಕಂಪನಿಯ ವೆಲ್ಡಿಂಗ್ ಚುಕ್ಕೆಗಳು ಸಮವಾಗಿ ಸಾಲಾಗಿ ಕಾಣಬೇಕು. ಗಾಜುಗಳ ಮೂಲೆಯಲ್ಲಿ ಕಂಪನಿ ಹೆಸರು, ತಯಾರಾದ ವರ್ಷದ ಗುರುತು ಇರುತ್ತದೆ. ಮುಂದಿನ ಗಾಜು ಒಂದು ಬೇರೆಯಾಗಿದ್ದರೆ ಕಲ್ಲು ಬಿದ್ದಿರಬಹುದು, ಬಿಡಿ. ಎಡಗಡೆಯ ಎರಡೂ ಬಾಗಿಲಿನ ಗಾಜು ಬೇರೆಯಾಗಿದ್ದರೆ ಆ ಕಡೆ ಜೋರಾಗಿಯೇ ಪೆಟ್ಟು ಬಿದ್ದಿದೆ. ಕೀ ಆನ್ ಮಾಡಿದಾಗ ಏರ್‌ಬ್ಯಾಗ್ ದೀಪ ಒಮ್ಮೆ ಹತ್ತಿ ಆರಬೇಕು. ಹತ್ತಲೇ ಇಲ್ಲ ಅಂದರೆ ಎಲ್ಲ ಸರಿ ಇದೆ ಅಂತ ಅಲ್ಲ, ದೀಪವನ್ನೇ ಯಾರೋ ಕಿತ್ತಿದ್ದಾರೆ ಅಂತ. ಬಂಪರ್ ಗೀಚು, ಒಂದು ಬಾಗಿಲಿಗೆ ಪೇಂಟ್ ಇವಕ್ಕೆಲ್ಲ ತಲೆ ಕೆಡಿಸಿಕೊಳ್ಳಬೇಡಿ, ನಮ್ಮ ರಸ್ತೆಯಲ್ಲಿ ಗೀಚಿಲ್ಲದ ಕಾರು ಎಲ್ಲಿದೆ.

ಒಬಿಡಿ ಸ್ಕ್ಯಾನರ್ (ಕಾರಿನ ಕಂಪ್ಯೂಟರನ್ನು ಓದುವ ಸಾಧನ) ಇರುವ ಮೆಕ್ಯಾನಿಕ್ ಸಿಕ್ಕರೆ ಇನ್ನೊಂದು ಕೆಲಸ ಮಾಡಿಸಿ. ದೋಷದ ಕೋಡ್ ಇದೆಯಾ ಅಂತ ಮಾತ್ರ ನೋಡಿದರೆ ಸಾಲದು, ಕೋಡ್ ಅಳಿಸಿದ ಮೇಲೆ ಎಷ್ಟು ಕಿ.ಮೀ. ಓಡಿದೆ ಅನ್ನುವುದನ್ನೂ ಓದಿಸಿ. ಅಲ್ಲಿ 6 ಕಿ.ಮೀ. ಅಂತ ಬಂದರೆ ನೀವು ಬರುವ ಮುಂಚೆ ಯಾರೋ ದೋಷಗಳನ್ನು ಅಳಿಸಿದ್ದಾರೆ.

ಪ್ರಶ್ನೆ: ಸಾಲ ತೀರಿಸಿ ಎರಡು ವರ್ಷ ಆಯಿತು ಅನ್ನುತ್ತಾರೆ, ಆದರೆ ಆರ್‌ಸಿಯಲ್ಲಿ ಇನ್ನೂ ಬ್ಯಾಂಕಿನ ಹೆಸರಿದೆ. ಬ್ಯಾಂಕಿನ ಎನ್‌ಒಸಿ (ಆಕ್ಷೇಪಣೆ ಇಲ್ಲ ಅನ್ನುವ ಪತ್ರ) ಕೊಡ್ತೀನಿ, ನೀವೇ ಮಾಡಿಸಿಕೊಳ್ಳಿ ಅಂತಾರೆ. ತಗೋಬಹುದಾ? (ಹುಬ್ಬಳ್ಳಿ)

ಅವರೇ ಮಾಡಿಸಿಕೊಟ್ಟ ಮೇಲೆ ತಗೊಳ್ಳಿ. ಸಾಲ ತೀರಿದರೂ ಆರ್‌ಸಿಯಿಂದ ಬ್ಯಾಂಕಿನ ಹೆಸರು ತಾನಾಗಿ ಹೋಗಿರುವುದಿಲ್ಲ, ಎಷ್ಟೋ ಜನ ಈ ವಿಷಯ ಮಾರುವ ಹೊತ್ತಿಗೇ ನೆನಪಿಸಿಕೊಳ್ಳುವುದು. ಫಾರಂ 35ಕ್ಕೆ ಬ್ಯಾಂಕು ಮತ್ತು ಮಾಲೀಕರು ಇಬ್ಬರೂ ಸಹಿ ಹಾಕಬೇಕು. ಅದರ ಜೊತೆ ಬ್ಯಾಂಕಿನ ಎನ್‌ಒಸಿ, ಇನ್ಶೂರೆನ್ಸ್, ಎಮಿಷನ್ ಸರ್ಟಿಫಿಕೇಟ್ ಕೊಟ್ಟು ಎಚ್‌ಪಿ ಕ್ಯಾನ್ಸಲ್ ಮಾಡಿಸಬೇಕು, ಅಂದರೆ ಆರ್‌ಸಿಯಿಂದ ಬ್ಯಾಂಕಿನ ಹೆಸರು ತೆಗೆಸಬೇಕು. ಎನ್‌ಒಸಿಗೂ ಸಾಮಾನ್ಯವಾಗಿ ಮೂರು ತಿಂಗಳ ಅವಧಿ ಅಷ್ಟೇ. ಎರಡು ವರ್ಷದ ಹಿಂದಿನದನ್ನು ಹಿಡಿದುಕೊಂಡು ಹೋದರೆ ಹೊಸದು ತನ್ನಿ ಅಂತ ವಾಪಸ್ ಕಳಿಸುತ್ತಾರೆ, ಹೊಸದಕ್ಕೆ ಅರ್ಜಿ ಕೊಡಬೇಕಾದವರು ಸಾಲ ತಗೊಂಡವರೇ. ದುಡ್ಡು ಕೈಗೆ ಬಂದ ಮೇಲೆ ಅವರು ನಿಮಗಾಗಿ ಬ್ಯಾಂಕಿಗೆ ಓಡಾಡುತ್ತಾರೆ ಅಂತ ನಂಬಿಕೆ ಇದೆಯಾ?

ಸಾಲ ಇನ್ನೂ ಬಾಕಿ ಇರುವ ಕಾರಾದರೆ ಬ್ಯಾಂಕಿನಿಂದ ಸಾಲ ಮುಗಿಸುವ ಮೊತ್ತದ ಪತ್ರ ತರಿಸಿ, ಆ ದುಡ್ಡನ್ನು ನೇರ ಸಾಲದ ಖಾತೆಗೇ ಹಾಕಿ. ಮಾರುವವರ ಖಾತೆಗೆ ಹಾಕಬೇಡಿ. ಉಳಿದದ್ದನ್ನು ಬ್ಯಾಂಕಿನ ಹೆಸರು ಹೋದ ಮೇಲೆ ಕೊಡಿ.

ಪ್ರಶ್ನೆ: ಕಾರು ತೋರಿಸುವವರು ಬೇರೆ, ಆರ್‌ಸಿಯಲ್ಲಿರುವ ಹೆಸರು ಬೇರೆ. ನಮ್ಮ ಮಾವನ ಗಾಡಿ, ಫಾರಂಗೆ ಸೈನ್ ಹಾಕಿಸಿ ಇಟ್ಟಿದ್ದೀನಿ ಅಂತಾರೆ. (ಮೈಸೂರು)

ಹೆಸರು ವರ್ಗಾವಣೆಯ ಫಾರಂ 29, 30ಕ್ಕೆ ಖಾಲಿ ಇರುವಾಗಲೇ ಸಹಿ ಹಾಕಿಸಿ ಇಟ್ಟುಕೊಂಡು ಗಾಡಿ ಕೈ ಬದಲಾಯಿಸುವುದು ನಮ್ಮಲ್ಲಿ ಮಾಮೂಲು. ಮಾವನೂ ಇರಬಹುದು, ಮಾವನ ವೇಷದ ಬ್ರೋಕರೂ ಇರಬಹುದು. ಬ್ರೋಕರ್ ಆಗಿದ್ದರೆ ಆರ್‌ಸಿಯಲ್ಲಿ ಕಾಣದ ಓನರುಗಳು ಮಧ್ಯೆ ಎಷ್ಟಿದ್ದಾರೋ, ಅವರ ಕೈಯಲ್ಲಿ ಗಾಡಿ ಏನೇನು ಮಾಡಿದೆಯೋ.

ಮಾವನಿಗೆ ಫೋನ್ ಮಾಡಿ ಮಾತಾಡಿದರೆ ಸಾಲದು, ಎದುರಿಗೆ ಕೂರಿಸಿ. ಆಧಾರ್ ನೋಡಿ, ಫಾರಂನಲ್ಲಿರುವ ಸಹಿ ಅವರದೇನಾ ನೋಡಿ. ವರ್ಗಾವಣೆ ಈಗ ಆನ್‌ಲೈನ್ ಆಗಿರುವುದರಿಂದ ಮಾಲೀಕರ ಮೊಬೈಲಿಗೆ ಒಟಿಪಿ ಹೋಗುತ್ತದೆ, ಅವರು ಸಿಗದಿದ್ದರೆ ಕೆಲಸ ಅಲ್ಲೇ ನಿಲ್ಲುತ್ತದೆ. ಇನ್ನು ಹಳೇ ಗಾಡಿಗಳ ವ್ಯಾಪಾರ ಮಾಡುವವರಿಗೆ 2023ರ ಏಪ್ರಿಲ್ 1ರಿಂದ ಹೊಸ ನಿಯಮ ಇದೆ. ಅವರು ಆರ್‌ಟಿಒದಿಂದ ಅಧಿಕೃತ ಡೀಲರ್ ಅಂತ ಪತ್ರ ಪಡೆದಿರಬೇಕು, ಗಾಡಿ ಅವರ ಕೈಗೆ ಬಂದದ್ದು ಫಾರಂ 29ಸಿಯಲ್ಲಿ ದಾಖಲಾಗಬೇಕು. ಅದಾದ ಮೇಲೆ ಗಾಡಿಯ ಜವಾಬ್ದಾರಿ ಅವರದೇ. ಎದುರಿಗಿರುವವರು ವ್ಯಾಪಾರಿ ಅಂತ ಅನ್ನಿಸಿದರೆ ಆ ಪತ್ರ ಕೇಳಿ. ಮಾವನ ಕಥೆ ಆಗ ಹೇಗೆ ಬದಲಾಗುತ್ತೆ ಅಂತ ನೋಡಿ.

ಪ್ರಶ್ನೆ: ಬೆಂಗಳೂರಿನಲ್ಲಿ 2020ರ ಸೆಡಾನ್ ಒಂದು ಮಾರ್ಕೆಟ್ ಬೆಲೆಗಿಂತ ಒಂದೂವರೆ ಲಕ್ಷ ಕಮ್ಮಿಗೆ ಸಿಗುತ್ತಿದೆ. ಒಳಗೆಲ್ಲ ಹೊಸದರ ಥರ ಇದೆ. ನೀರಿಗೆ ಸಿಕ್ಕಿದ ಗಾಡಿ ಇರಬಹುದಾ ಅಂತ ಭಯ. (ಬೆಂಗಳೂರು)

ಭಯ ಪಡುವುದು ಸರಿಯೇ. 2022ರ ಸೆಪ್ಟೆಂಬರ್ ಮಳೆಗೆ ಔಟರ್ ರಿಂಗ್ ರೋಡ್, ಬೆಳ್ಳಂದೂರು, ಯಮಲೂರು ಕಡೆ ಬೇಸ್‌ಮೆಂಟ್ ಪಾರ್ಕಿಂಗ್‌ಗಳು ತುಂಬಿ ಕಾರುಗಳು ಮುಳುಗಿದ್ದನ್ನು ಎಲ್ಲರೂ ನೋಡಿದ್ದೇವೆ. ಚೆನ್ನೈಯಲ್ಲಿ 2015ರಲ್ಲಿ ಒಮ್ಮೆ, 2023ರ ಡಿಸೆಂಬರ್‌ನಲ್ಲಿ ಮಿಚಾಂಗ್ ಚಂಡಮಾರುತ ಬಂದಾಗ ಇನ್ನೊಮ್ಮೆ ಇದೇ ಆಯಿತು. ರಿಪೇರಿ ಖರ್ಚು ಪಾಲಿಸಿಯಲ್ಲಿ ಬರೆದ ಬೆಲೆಯ ಶೇ. 75 ದಾಟಿದರೆ ಇನ್ಶೂರೆನ್ಸ್ ಕಂಪನಿ ಗಾಡಿಯನ್ನು ಟೋಟಲ್ ಲಾಸ್ ಅಂತ ಲೆಕ್ಕ ಹಾಕಿ ಮಾಲೀಕರಿಗೆ ದುಡ್ಡು ಕೊಡುತ್ತದೆ. ಗಾಡಿ ಮಾತ್ರ ಹರಾಜಿಗೆ ಹೋಗುತ್ತದೆ. ಅಲ್ಲಿ ಕೊಂಡವರಲ್ಲಿ ಕೆಲವರು ಬಿಡಿಭಾಗಕ್ಕೆ ಒಡೆಯುತ್ತಾರೆ, ಕೆಲವರು ತೊಳೆದು ಒಣಗಿಸಿ, ಕಾರ್ಪೆಟ್ ಬದಲಾಯಿಸಿ, ಬೇರೆ ಊರಿನಲ್ಲಿ ಮಾರುತ್ತಾರೆ.

ನೀರಿಗೆ ಸಿಕ್ಕ ಗಾಡಿ ಮೊದಲ ಕೆಲವು ತಿಂಗಳು ಚೆನ್ನಾಗಿಯೇ ಓಡಬಹುದು. ತೊಂದರೆ ಇರುವುದು ವೈರಿಂಗ್‌ನಲ್ಲಿ. ಕನೆಕ್ಟರುಗಳ ಒಳಗೆ ನಿಧಾನವಾಗಿ ಹಸಿರು ಕಿಲುಬು ಹಿಡಿಯುತ್ತದೆ, ಆಮೇಲೆ ಒಂದು ದಿನ ಪವರ್ ವಿಂಡೋ ನಿಲ್ಲುತ್ತದೆ, ಇನ್ನೊಂದು ದಿನ ಎಬಿಎಸ್ ದೀಪ ಹತ್ತುತ್ತದೆ, ಗ್ಯಾರೇಜಿನವನಿಗೂ ಮೂಲ ಸಿಗಲ್ಲ.

ಸೀಟ್ ಬೆಲ್ಟನ್ನು ಕೊನೆಯವರೆಗೂ ಎಳೆಯಿರಿ. ಕಾರ್ಪೆಟ್, ಸೀಟ್ ಬದಲಾಯಿಸಿದವರೂ ಬೆಲ್ಟ್ ಬದಲಾಯಿಸಿರುವುದಿಲ್ಲ, ಒಳಗೆ ಸುತ್ತಿಕೊಂಡ ಭಾಗದಲ್ಲಿ ಕೆಸರಿನ ಗೆರೆ ಉಳಿದಿರುತ್ತದೆ. ಬೆಲ್ಟಿನ ಬುಡದ ಚೀಟಿಯಲ್ಲಿ ತಯಾರಾದ ತಾರೀಕು ಇರುತ್ತದೆ, ಅದು ಗಾಡಿಯ ವರ್ಷಕ್ಕಿಂತ ಹೊಸದಾಗಿದ್ದರೆ ಯಾಕೆ ಬದಲಾಯಿಸಿದರು ಅಂತ ಕೇಳಿ. ಸ್ಟೆಪ್ನಿ ಎತ್ತಿ ಅದರ ಗುಂಡಿಯಲ್ಲಿ ಸಣ್ಣ ಮಣ್ಣು ಕೂತಿದೆಯಾ, ಸೀಟಿನ ರೈಲು ಮತ್ತು ಬೋಲ್ಟುಗಳಿಗೆ ತುಕ್ಕು ಹಿಡಿದಿದೆಯಾ ನೋಡಿ. ಕಾರ್ಪೆಟ್ ಮೂಲೆ ಎತ್ತಿ ಮೂಗು ಹತ್ತಿರ ಹಿಡಿಯಿರಿ. ಎರಡೆರಡು ಕಾರ್ ಪರ್ಫ್ಯೂಮ್ ನೇತಾಡುತ್ತಿದ್ದರೆ ಅದೂ ಒಂದು ಸೂಚನೆಯೇ. ಇಷ್ಟೆಲ್ಲ ಆದಮೇಲೆ ಸರ್ವಿಸ್ ದಾಖಲೆಯಲ್ಲಿ 2022ರ ಸೆಪ್ಟೆಂಬರ್, ಅಕ್ಟೋಬರ್ ಎಂಟ್ರಿ ಏನಿದೆ ನೋಡಿ. ಟೋಯಿಂಗ್ ಮಾಡಿ ತಂದದ್ದು ಅಂತ ಬರೆದಿದ್ದರೆ ನಿಮ್ಮ ಒಂದೂವರೆ ಲಕ್ಷ ಯಾಕೆ ಕಮ್ಮಿ ಅಂತ ಗೊತ್ತಾಯಿತಲ್ಲ.

ಪ್ರಶ್ನೆ: ಕಾಸರಗೋಡಿನ ಕೆಎಲ್-14 ಕಾರು ಒಂದು, ದೆಹಲಿಯ ಡೀಸೆಲ್ ಎಸ್‌ಯುವಿ ಒಂದು, ಎರಡೂ ನಮ್ಮ ಊರಿನ ರೇಟಿಗಿಂತ ಕಮ್ಮಿ. ಯಾವುದು ಉತ್ತಮ? (ಮಂಗಳೂರು)

ಎರಡಕ್ಕೂ ಮೊದಲು ತೆರಿಗೆ ಲೆಕ್ಕ ಹಾಕಿಸಿ. ಹೊರರಾಜ್ಯದ ಗಾಡಿಯನ್ನು 12 ತಿಂಗಳಿಗಿಂತ ಜಾಸ್ತಿ ಇಲ್ಲಿ ಇಟ್ಟುಕೊಂಡರೆ ಇಲ್ಲಿನ ನಂಬರ್ ತಗೊಳ್ಳಲೇಬೇಕು, ಅದಕ್ಕೆ ಕರ್ನಾಟಕದ ಲೈಫ್ ಟ್ಯಾಕ್ಸ್ ಕಟ್ಟಬೇಕು. ನಮ್ಮ ಲೈಫ್ ಟ್ಯಾಕ್ಸ್ ದೇಶದಲ್ಲೇ ದುಬಾರಿ ಪಟ್ಟಿಯಲ್ಲಿದೆ, ಗಾಡಿಯ ವಯಸ್ಸು ನೋಡಿ ಸ್ವಲ್ಪ ಇಳಿಸುತ್ತಾರೆ ಅಷ್ಟೇ. ನಿಮ್ಮ ಆರ್‌ಟಿಒದಲ್ಲಿ ಮೊದಲೇ ಮೊತ್ತ ಕೇಳಿಕೊಂಡು ಗಾಡಿಯ ಬೆಲೆಗೆ ಸೇರಿಸಿ ನೋಡಿ, ಆಗ ಎಷ್ಟೋ ಸಲ ಕಮ್ಮಿ ಅನ್ನುವುದು ಕಮ್ಮಿ ಇರುವುದಿಲ್ಲ. ಅಲ್ಲಿ ಕಟ್ಟಿದ ತೆರಿಗೆಯ ರೀಫಂಡ್ ಬರುತ್ತೆ ಅಂತ ಮಾರುವವರು ಹೇಳುತ್ತಾರೆ. ಆ ಲೆಕ್ಕದ ಮೇಲೆ ಬೆಲೆ ಒಪ್ಪಬೇಡಿ.

ಅಲ್ಲಿನ ಆರ್‌ಟಿಒ ಕೊಡುವ ಎನ್‌ಒಸಿ ಫಾರಂ 28 ಇಲ್ಲದೆ ಇಲ್ಲಿ ಏನೂ ನಡೆಯಲ್ಲ. ಅದನ್ನು ಮಾರುವವರು ತೆಗೆಸಿಕೊಡಲಿ. ಕೇರಳದ ಗಾಡಿಯಾದರೆ 2018ರ ಆಗಸ್ಟ್‌ಗಿಂತ ಹಳೆಯದಾ ನೋಡಿ, ಹಳೆಯದಾದರೆ ಆ ವರ್ಷದ ಪ್ರವಾಹದಲ್ಲಿ ಗಾಡಿ ಎಲ್ಲಿತ್ತು ಅಂತ ಸರ್ವಿಸ್ ದಾಖಲೆಯಿಂದ ತಿಳಿಯಿರಿ. ಕಾಸರಗೋಡಿನಲ್ಲೇ ಇದ್ದಿದ್ದರೆ ತೊಂದರೆ ಇಲ್ಲ, ಎರ್ನಾಕುಲಂ ಕಡೆಯಿಂದ ಬಂದದ್ದಾದರೆ ಮೇಲಿನ ಉತ್ತರ ಇನ್ನೊಮ್ಮೆ ಓದಿ.

ದೆಹಲಿ ಡೀಸೆಲ್ ಯಾಕೆ ಅಗ್ಗ ಅಂದರೆ ಅಲ್ಲಿ 10 ವರ್ಷ ದಾಟಿದ ಡೀಸೆಲ್, 15 ವರ್ಷ ದಾಟಿದ ಪೆಟ್ರೋಲ್ ಗಾಡಿಗಳ ಮೇಲೆ ಹಸಿರು ನ್ಯಾಯಮಂಡಳಿ ನಿರ್ಬಂಧ ಹಾಕಿತು, 2018ರಲ್ಲಿ ಸುಪ್ರೀಂ ಕೋರ್ಟ್ ಕೂಡ ಅದನ್ನು ಜಾರಿ ಮಾಡಿ ಅಂತ ಹೇಳಿತು. ಆಮೇಲೆ ಆದೇಶಗಳು ಬದಲಾಗುತ್ತಾ ಬಂದಿವೆ, ಆದರೂ ಆ ವಯಸ್ಸು ಹತ್ತಿರ ಬಂದ ಗಾಡಿಗಳನ್ನು ಅಲ್ಲಿಯವರು ದಾಟಿಸಲು ನೋಡುತ್ತಾರೆ. ಗಾಡಿ ಕೆಟ್ಟದ್ದು ಅಂತ ಅಲ್ಲ. ಆದರೆ ಎರಡು ಸಾವಿರ ಕಿ.ಮೀ. ದೂರದ ಮಾಲೀಕರನ್ನು, ಸರ್ವಿಸ್ ಸೆಂಟರನ್ನು, ಆರ್‌ಟಿಒವನ್ನು ವಿಚಾರಿಸುವುದು ನಿಮ್ಮಿಂದ ಆಗುತ್ತಾ? ಕಾಸರಗೋಡಿಗಾದರೆ ಬೆಳಗ್ಗೆ ಹೋಗಿ ಮಧ್ಯಾಹ್ನದ ಊಟಕ್ಕೆ ವಾಪಸ್ ಬರಬಹುದು.

ಪ್ರಶ್ನೆ: ಹಿಂದೆ ಟ್ಯಾಕ್ಸಿ ಆಗಿ ಓಡಿದ ಗಾಡಿ ಅಂತ ಹೇಗೆ ಗೊತ್ತಾಗುತ್ತೆ? (ತುಮಕೂರು)

ಬಿ ಎಕ್ಸ್‌ಟ್ರ್ಯಾಕ್ಟ್ ತೆಗೆಸುವುದೇ ಸರಿಯಾದ ದಾರಿ, ಟ್ಯಾಕ್ಸಿಯ ಹಳದಿ ಬೋರ್ಡಿನಿಂದ ಸ್ವಂತ ಗಾಡಿಯ ವೈಟ್ ಬೋರ್ಡಿಗೆ ಬದಲಾದದ್ದು ಕಚೇರಿಯ ದಾಖಲೆಯಲ್ಲಿರುತ್ತದೆ. ಗಾಡಿ ನೋಡುವಾಗಲೇ ತಿಳಿಯಬೇಕಿದ್ದರೆ ಹಿಂದಿನ ಸೀಟು ಮುಂದಿನದಕ್ಕಿಂತ ಜಾಸ್ತಿ ಸವೆದಿದೆಯಾ ನೋಡಿ, ಮನೆಯ ಕಾರಿನಲ್ಲಿ ಹಾಗಾಗುವುದು ಅಪರೂಪ. ಬಾನೆಟ್ ಒಳಗೆ ಸ್ಪೀಡ್ ಗವರ್ನರ್ ಕಿತ್ತ ಗುರುತು, ಮೇಲೆ ಕ್ಯಾರಿಯರ್ ಕೂತಿದ್ದ ಗುರುತು ಕಾಣಬಹುದು. ಟ್ಯಾಕ್ಸಿ ಆಗಿದ್ದರೆ ತಗೋಬಾರದು ಅಂತೇನಿಲ್ಲ, ಹೈವೇಯಲ್ಲಿ ಓಡಿ ಸಮಯಕ್ಕೆ ಸರಿಯಾಗಿ ಆಯಿಲ್ ಬದಲಾಯಿಸಿದ ಗಾಡಿ ಗಟ್ಟಿಯಾಗೇ ಇರುತ್ತದೆ. ಬೆಲೆ ಮಾತ್ರ ಟ್ಯಾಕ್ಸಿಯ ಬೆಲೆ ಇರಬೇಕು.

ಪ್ರಶ್ನೆ: ಕಾರಿನ ಮಾಲೀಕರು ತೀರಿಕೊಂಡಿದ್ದಾರೆ. ಮಗ ಮಾರುತ್ತಿದ್ದಾನೆ, ಪರಿಚಯದವರೇ. ಆರ್‌ಸಿ ಇನ್ನೂ ತಂದೆಯ ಹೆಸರಲ್ಲಿದೆ. (ಶಿವಮೊಗ್ಗ)

ಮೊದಲು ಗಾಡಿ ಮಗನ ಹೆಸರಿಗೆ ಬರಲಿ. ಅದಕ್ಕೆ ಫಾರಂ 31 ಇದೆ, ಮರಣ ಪ್ರಮಾಣಪತ್ರ, ವಾರಸುದಾರರ ದಾಖಲೆ, ಉಳಿದ ವಾರಸುದಾರರ ಒಪ್ಪಿಗೆ ಎಲ್ಲ ಕೊಡಬೇಕು. ತೀರಿಕೊಂಡವರ ಹೆಸರಿನಲ್ಲಿ ಫಾರಂ 29ಕ್ಕೆ ಹಳೇ ಸಹಿ ಇದೆ ಅಂತ ಯಾರಾದರೂ ಹೇಳಿದರೆ ಒಪ್ಪಬೇಡಿ. ಪರಿಚಯದವರು ಅಂತ ಕೇಳೋಕೆ ಸಂಕೋಚ ಆಗಬಹುದು. ಆದರೆ ನಾಳೆ ತಂಗಿ ಬಂದು ನನಗೂ ಪಾಲಿದೆ ಅಂದರೆ ಆಗ ಇರುವ ಸಂಕೋಚ ಇದಕ್ಕಿಂತ ಜಾಸ್ತಿ.

ಪ್ರಶ್ನೆ: ನಾನು ಕೊಳ್ಳುವವನಲ್ಲ, ಮಾರಿದವನು. ಕಾರು ಕೊಟ್ಟು ವರ್ಷ ಆಯಿತು, ಕೊಂಡವರು ಹೆಸರು ಬದಲಾಯಿಸಿಲ್ಲ, ಸಿಗ್ನಲ್ ಜಂಪ್ ನೋಟಿಸ್ ನನಗೇ ಬರುತ್ತಿದೆ. (ದಾವಣಗೆರೆ)

ನೋಟಿಸ್ ಸಣ್ಣ ವಿಷಯ. ಆ ಕಾರು ಇನ್ಶೂರೆನ್ಸ್ ಇಲ್ಲದೆ ಓಡಾಡಿ ಯಾರಿಗಾದರೂ ಗುದ್ದಿದರೆ ಪರಿಹಾರ ಕೊಡಬೇಕಾದವರು ನೀವೇ ಆಗಬಹುದು. 2018ರಲ್ಲಿ ನವೀನ್ ಕುಮಾರ್ ಮತ್ತು ವಿಜಯ್ ಕುಮಾರ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಇದನ್ನೇ ಹೇಳಿದೆ. ಗಾಡಿ ಕೈ ಬದಲಾಗಿದ್ದರೂ ಆರ್‌ಟಿಒ ದಾಖಲೆಯಲ್ಲಿ ಯಾರ ಹೆಸರಿದೆಯೋ ಅವರೇ ಮಾಲೀಕರು.

ಮೋಟಾರು ವಾಹನ ಕಾಯ್ದೆಯ ಸೆಕ್ಷನ್ 50ರ ಪ್ರಕಾರ ರಾಜ್ಯದ ಒಳಗೇ ಮಾರಿದರೆ ಮಾರಿದವರು 14 ದಿನದಲ್ಲಿ ತಿಳಿಸಬೇಕು, ಕೊಂಡವರು 30 ದಿನದಲ್ಲಿ ಹೆಸರು ಬದಲಾಯಿಸಿಕೊಳ್ಳಬೇಕು. ಈಗಲಾದರೂ ಡೆಲಿವರಿ ನೋಟ್ (ಗಾಡಿ ಒಪ್ಪಿಸಿದ ಚೀಟಿ), ಬ್ಯಾಂಕಿನಲ್ಲಿ ದುಡ್ಡು ಬಂದ ದಾಖಲೆ, ಕೊಂಡವರ ಗುರುತಿನ ಚೀಟಿ ಇಟ್ಟುಕೊಂಡು ಆರ್‌ಟಿಒಗೆ ಲಿಖಿತವಾಗಿ ಕೊಟ್ಟು ಸೀಲ್ ಹಾಕಿಸಿಕೊಳ್ಳಿ, ಅದರ ಪ್ರತಿ ಪೊಲೀಸ್ ಠಾಣೆಗೂ ಕೊಡಿ. ಕೊಂಡವರಿಗೆ ಸ್ಪೀಡ್ ಪೋಸ್ಟ್‌ನಲ್ಲಿ ಒಂದು ನೋಟಿಸ್ ಹೋಗಲಿ. ಕೊಳ್ಳುವವರೂ ಕೇಳಿಸಿಕೊಳ್ಳಿ: ಹೆಸರು ಬದಲಾಯಿಸದೆ ಓಡಿಸಿದರೆ ನಿಮ್ಮ ಗಾಡಿಗೆ ಡ್ಯಾಮೇಜ್ ಆದಾಗ ಇನ್ಶೂರೆನ್ಸ್ ಕಂಪನಿ ಕ್ಲೇಮ್ ಕೊಡಲ್ಲ ಅನ್ನಬಹುದು. ಪಾಲಿಸಿ ನಿಮ್ಮ ಹೆಸರಿಗೆ ಬರಬೇಕು ಅಂದರೆ 14 ದಿನದೊಳಗೆ ಅರ್ಜಿ ಕೊಡಬೇಕು. ಹಳೇ ಮಾಲೀಕರ ನೋ ಕ್ಲೇಮ್ ಬೋನಸ್ ಮಾತ್ರ ನಿಮಗೆ ಬರಲ್ಲ, ಅದು ಮನುಷ್ಯನ ಜೊತೆ ಹೋಗುವಂಥದ್ದು.

ಪ್ರಶ್ನೆ: ಟ್ರಾಫಿಕ್ ಫೈನ್ ಎಷ್ಟಿದೆ ಅಂತ ಎಲ್ಲಿ ನೋಡೋದು? (ಕಲಬುರಗಿ)

ಕರ್ನಾಟಕ ಒನ್ ವೆಬ್‌ಸೈಟ್‌ನಲ್ಲಿ, ಜೊತೆಗೆ ಕೇಂದ್ರದ ಇ-ಚಲನ್ ಪರಿವಾಹನ್ ವೆಬ್‌ಸೈಟ್‌ನಲ್ಲಿ. ಎರಡರಲ್ಲೂ ನೋಡಿ, ಒಂದರಲ್ಲಿ ಕಾಣದ್ದು ಇನ್ನೊಂದರಲ್ಲಿ ಸಿಗುತ್ತದೆ, ಹೊರರಾಜ್ಯದಲ್ಲಿ ಬಿದ್ದ ಫೈನ್ ಮುಖ್ಯವಾಗಿ ಎರಡನೆಯದರಲ್ಲಿ. 2023ರ ಫೆಬ್ರವರಿಯಲ್ಲಿ ಸರ್ಕಾರ ಬಾಕಿ ಫೈನ್‌ಗೆ ಶೇ. 50 ರಿಯಾಯಿತಿ ಕೊಟ್ಟ ಮೇಲೆ, ಮುಂದಿನ ರಿಯಾಯಿತಿ ಬರಲಿ ಅಂತ ಕಟ್ಟದೆ ಕೂತವರು ತುಂಬ ಇದ್ದಾರೆ. ಬಾಕಿ ಇದ್ದರೆ ವರ್ಗಾವಣೆಗೆ ತೊಡಕಾಗಬಹುದು. ಫೈನ್ ಪಟ್ಟಿಯಲ್ಲಿ ಇನ್ನೊಂದು ಲಾಭವೂ ಇದೆ. ಓವರ್ ಸ್ಪೀಡ್ ಎಷ್ಟು ಸಲ, ಎಲ್ಲೆಲ್ಲಿ ಅಂತ ನೋಡಿದರೆ ಗಾಡಿಯನ್ನು ಹೇಗೆ ಓಡಿಸಿದ್ದಾರೆ ಅಂತ ಅಂದಾಜು ಸಿಗುತ್ತದೆ.

ಪ್ರಶ್ನೆ: ನಾನು ದುಬೈನಲ್ಲಿದ್ದೇನೆ, ಊರಲ್ಲಿ ಅಪ್ಪನಿಗೆ ಕಾರು ಕೊಡಿಸಬೇಕು. ಆನ್‌ಲೈನ್‌ನಲ್ಲಿ ಸೈನ್ಯದಲ್ಲಿರುವವರ ಕಾರು ಸಿಕ್ಕಿದೆ, ವರ್ಗ ಆಗಿದೆ ಅಂತ ಅಗ್ಗಕ್ಕೆ ಕೊಡುತ್ತಾರೆ. ಮೊದಲು ಸಾಗಾಟದ ಖರ್ಚು ಕಳಿಸಿ ಅಂತಾರೆ. (ಕುಂದಾಪುರದವರು, ದುಬೈನಿಂದ)

ಕಳಿಸಬೇಡಿ. ಸೈನಿಕರ ಗುರುತಿನ ಚೀಟಿಯ ಫೋಟೊ, ಯೂನಿಫಾರಂ ಫೋಟೊ ಎಲ್ಲ ತೋರಿಸಿ, ಗಾಡಿ ಕ್ಯಾಂಪಿನಲ್ಲಿದೆ ಅಂತ ಹೇಳಿ ಮುಂಗಡ ಕೀಳುವುದು ದೇಶದ ತುಂಬ ನಡೆಯುತ್ತಿರುವ ವಂಚನೆ. ಕಣ್ಣಾರೆ ನೋಡದ ಗಾಡಿಗೆ ಒಂದು ರೂಪಾಯಿಯೂ ಬೇಡ. ಈಗಾಗಲೇ ಕಳಿಸಿದ್ದರೆ ಮನೆಯವರಿಂದ ತಕ್ಷಣ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಫೋನ್ ಮಾಡಿಸಿ. ಅಪ್ಪನ ಜೊತೆ ಹೋಗಿ ನೋಡೋಕೆ ಊರಿನಲ್ಲಿ ನಂಬಿಕಸ್ತ ಮೆಕ್ಯಾನಿಕ್ ಒಬ್ಬರನ್ನು ಹಿಡಿಯಿರಿ, ಅವರಿಗೆ ದಿನದ ಕೂಲಿ ಕೊಡಿ. ವ್ಯಾಪಾರ ಆದರೆ ಕಮಿಷನ್ ಅಂತ ಮಾತ್ರ ಒಪ್ಪಬೇಡಿ, ಆಗ ಎಲ್ಲ ಕಾರೂ ಚೆನ್ನಾಗಿಯೇ ಕಾಣುತ್ತದೆ.

ಪ್ರಶ್ನೆ: ಎಲ್ಲ ನೋಡಿ ಒಪ್ಪಿಗೆ ಆಗಿದೆ. ದುಡ್ಡು ಕೊಡುವ ದಿನ ಏನೇನು ತಗೊಳ್ಳಬೇಕು? (ಚಿಕ್ಕಮಗಳೂರು)

ದುಡ್ಡನ್ನು ಆರ್‌ಸಿಯಲ್ಲಿ ಹೆಸರಿರುವವರ ಖಾತೆಗೇ ಹಾಕಿ. ಅಣ್ಣನ ಖಾತೆ, ಹೆಂಡತಿಯ ಯುಪಿಐ ಬೇಡ. ಎರಡು ಲಕ್ಷ ಅಥವಾ ಅದಕ್ಕಿಂತ ಜಾಸ್ತಿ ನಗದು ತಗೊಳ್ಳುವುದಕ್ಕೆ ಆದಾಯ ತೆರಿಗೆ ಕಾಯ್ದೆಯಲ್ಲೇ ತಡೆ ಇದೆ, ತಗೊಂಡವರಿಗೆ ಅಷ್ಟೇ ಮೊತ್ತದ ದಂಡ ಬೀಳಬಹುದು ಅಂತ ಹೇಳಿದರೆ ನಗದೇ ಬೇಕು ಅನ್ನುವವರೂ ಸುಮ್ಮನಾಗುತ್ತಾರೆ. ಪೂರ್ತಿ ಕೊಡದೆ ಸ್ವಲ್ಪ ಉಳಿಸಿಕೊಂಡು, ಹೆಸರು ಬದಲಾದ ಮೇಲೆ ಕೊಡುತ್ತೇನೆ ಅಂತ ಬರೆದುಕೊಂಡರೆ ಒಳ್ಳೆಯದು. ಎಲ್ಲರೂ ಒಪ್ಪಲ್ಲ, ಕೇಳುವುದಕ್ಕೇನು.

ಡೆಲಿವರಿ ನೋಟ್ ಎರಡು ಪ್ರತಿ ಮಾಡಿ, ತಾರೀಕಿನ ಜೊತೆ ಗಂಟೆಯನ್ನೂ ಬರೆಯಿರಿ. ಬೆಳಗ್ಗೆ ಅವರ ಕೈಯಲ್ಲಿ ಏನಾದರೂ ಆಗಿದ್ದರೆ ಅದು ಅವರದು, ಸಂಜೆ ಆದದ್ದು ನಿಮ್ಮದು. ಮೀಟರ್ ರೀಡಿಂಗ್ ಕೂಡ ಬರೆದು ಇಬ್ಬರೂ ಸಹಿ ಹಾಕಿ. ಮೂಲ ಆರ್‌ಸಿ, ಸಹಿಯಾದ 29 ಮತ್ತು 30, ಇನ್ಶೂರೆನ್ಸ್, ಎಮಿಷನ್ ಸರ್ಟಿಫಿಕೇಟ್, ಅವರ ಆಧಾರ್ ಪ್ರತಿ, ಸರ್ವಿಸ್ ಬುಕ್ ತಗೊಳ್ಳಿ. ಅವರ ಫಾಸ್ಟ್ಯಾಗ್ ಅವರೇ ಕ್ಲೋಸ್ ಮಾಡಲಿ, ನೀವು ಹೊಸದು ತಗೊಳ್ಳಿ. ನಂಬರ್ ಪ್ಲೇಟ್ ಎಚ್‌ಎಸ್‌ಆರ್‌ಪಿ (ಹೈ ಸೆಕ್ಯೂರಿಟಿ ಪ್ಲೇಟ್) ಆಗಿದೆಯಾ, ಅದನ್ನು ಕೂರಿಸಿದ ಸ್ನ್ಯಾಪ್ ಲಾಕ್ ಒಡೆದಿಲ್ಲ ತಾನೇ ನೋಡಿ. ಎರಡನೇ ಕೀ ಕೇಳುವುದನ್ನು ಮರೆಯಬೇಡಿ. ಎಲ್ಲೋ ಇಟ್ಟಿದ್ದೀನಿ, ಆಮೇಲೆ ಕೊಡ್ತೀನಿ ಅಂದರೆ ಹುಡುಕಿ ಕೊಡುವವರೆಗೂ ಉಳಿಕೆ ಹಣ ನಿಮ್ಮ ಹತ್ತಿರವೇ ಇರಲಿ, ಈಗಿನ ಕಾರುಗಳಿಗೆ ಕೀ ಹೊಸದಾಗಿ ಮಾಡಿಸಿ ಪ್ರೋಗ್ರಾಂ ಮಾಡಿಸೋಕೆ ಸಾವಿರಾರು ರೂಪಾಯಿ ಆಗುತ್ತದೆ.